ಡ್ಯುಯಲ್ ಬೂಟ್ ಗಣಕಯಂತ್ರದಲ್ಲಿ ಹೈಬರ್ನೇಷನ್

ಹೈಬರ್ನೇಷನ್ ಎಂದರೆ ಗಣಕಯಂತ್ರವು ತನ್ನ ಸ್ಮೃತಿಯಲ್ಲಿರುವ ಮಾಹಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ಕಡಿದುಕೊಂಡು, ಮುಂದೆ ಚಾಲನೆಗೊಂಡಾಗ ಬಿಟ್ಟ ಸ್ಥಳದಿಂದಲೇ ಕೆಲಸವನ್ನು ಮುಂದುವರಿಸುವ ಏರ್ಪಾಡು. ಕನ್ನಡದಲ್ಲಿ ಇದನ್ನು ಸುಪ್ತಾವಸ್ಥೆ ಎನ್ನಬಹುದು. ಒಂದೇ ಗಣಕದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು, ಸಾಮಾನ್ಯವಾಗಿ ವಿಂಡೋಸ್ ಮತ್ತು ಲಿನಕ್ಸ್‌ಗಳನ್ನು, ಅಳವಡಿಸಿ ಬೇಕಾದಾಗ ಬೇಕಾದುದನ್ನು ಬಳಸುವ ಕ್ರಮಕ್ಕೆ ಡ್ಯುಯಲ್ ಬೂಟ್ ಎಂದು ಹೆಸರು. ಇವೆರಡೂ ಪ್ರತ್ಯೇಕವಾಗಿ ಉಪಯುಕ್ತವಾದ ಸೌಲಭ್ಯಗಳು. ಆದರೆ ಒಂದೇ ಯಂತ್ರದಲ್ಲಿ ಎರಡನ್ನೂ ಬಳಸುವಾಗ ತಕ್ಕ ಎಚ್ಚರಿಕೆ ಇಲ್ಲದಿದ್ದರೆ ಕಡತಗಳು ನಾಶವಾಗುವ ಸಂಭವವಿದೆ.

ಈ ವಿಷಯದಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಒಂದೇ. ಸುಪ್ತಾವಸ್ಥೆಯಲ್ಲಿರುವ ವ್ಯವಸ್ಥೆ ಮುಚ್ಚಿದ ವ್ಯವಸ್ಥೆಯಲ್ಲ. ಅದು ತೆರೆದಿಟ್ಟ ಕಡತಗಳೂ ಡಿಸ್ಕಿನ ವಿಭಾಗಗಳೂ ಇನ್ನೂ ಅದರ ಅಧೀನದಲ್ಲಿಯೇ ಇರುತ್ತವೆ. ಅವುಗಳನ್ನು ಇನ್ನೊಂದು ವ್ಯವಸ್ಥೆ ಮುಟ್ಟಬಾರದು. ಡ್ಯುಯಲ್ ಬೂಟ್ ಗಣಕಗಳಲ್ಲಿ ಕಂಡುಬರುವ ಹೈಬರ್ನೇಷನ್ ತೊಂದರೆಗಳಲ್ಲಿ ಹೆಚ್ಚಿನವು ಈ ನಿಯಮದ ಉಲ್ಲಂಘನೆಯಿಂದ, ಇಲ್ಲವೇ ಉಲ್ಲಂಘನೆಯನ್ನು ತಡೆಯಲು ಗಣಕವೇ ಒಡ್ಡುವ ಅಡ್ಡಿಯಿಂದ ಹುಟ್ಟಿದವು.

ಪದದ ಅರ್ಥ ಮತ್ತು ಹಿನ್ನೆಲೆ

ಹೈಬರ್ನೇಷನ್ ಎಂಬ ಪದ ಚಳಿಗಾಲಕ್ಕೆ ಸಂಬಂಧಿಸಿದ ಲ್ಯಾಟಿನ್ ಶಬ್ದದಿಂದ ಬಂದಿದೆ. ಶೀತ ಪ್ರದೇಶದ ಕೆಲವು ಪ್ರಾಣಿಗಳು ಚಳಿಗಾಲವನ್ನು ದೀರ್ಘನಿದ್ರೆಯಲ್ಲಿ ಕಳೆಯುವುದನ್ನು ಜೀವಶಾಸ್ತ್ರದಲ್ಲಿ ಈ ಹೆಸರಿನಿಂದ ಕರೆಯುತ್ತಾರೆ. ಗಣಕವಿಜ್ಞಾನವು ಪದವನ್ನು ಅಲ್ಲಿಂದ ಎರವಲು ಪಡೆದಿದೆ.

1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ರೂಪಿಸಿದ ಎಪಿಎಂ ಎಂಬ ಕ್ರಮದಲ್ಲಿ ವಿದ್ಯುತ್ ನಿರ್ವಹಣೆಯ ಹೊಣೆ ಬಹುಮಟ್ಟಿಗೆ ಗಣಕದ ಬಯೋಸ್‌ನದಾಗಿತ್ತು. 1996ರ ಡಿಸೆಂಬರ್‌ನಲ್ಲಿ ಪ್ರಕಟವಾದ ಎಸಿಪಿಐ ಎಂಬ ಮಾನದಂಡವು ಆ ಹೊಣೆಯನ್ನು ಕಾರ್ಯಾಚರಣ ವ್ಯವಸ್ಥೆಗೆ ವಹಿಸಿತು. ವಿಂಡೋಸ್ 2000 ಆವೃತ್ತಿಯಲ್ಲಿ ಹೈಬರ್ನೇಷನ್ ವ್ಯವಸ್ಥೆಯ ಅಂಗವಾಗಿಯೇ ದೊರೆಯಿತು. ಲಿನಕ್ಸ್‌ನಲ್ಲಿ 2003ರಲ್ಲಿ ಬಿಡುಗಡೆಯಾದ 2.6 ಸರಣಿಯ ಕರ್ನೆಲ್ ಈ ಸೌಲಭ್ಯವನ್ನು ಹೊಂದಿತ್ತು.

ಎಸಿಪಿಐ ಮಾನದಂಡವು ಗಣಕದ ವಿಶ್ರಾಂತ ಸ್ಥಿತಿಗಳನ್ನು ಅಂಕಿಗಳಿಂದ ಗುರುತಿಸುತ್ತದೆ. ಅವುಗಳಲ್ಲಿ ಮೂರನ್ನು ತಿಳಿದಿದ್ದರೆ ಸಾಕು.

ಎಸ್3: ನಿದ್ರಾಸ್ಥಿತಿ. ಮಾಹಿತಿಯೆಲ್ಲ ರ‍್ಯಾಮ್‌ನಲ್ಲಿಯೇ ಉಳಿಯುತ್ತದೆ. ಅದನ್ನು ಉಳಿಸಲು ಅಲ್ಪ ಪ್ರಮಾಣದ ವಿದ್ಯುತ್ ಸದಾ ಬೇಕು. ವಿದ್ಯುತ್ ಕಡಿದರೆ ಮಾಹಿತಿ ಅಳಿದುಹೋಗುತ್ತದೆ.

ಎಸ್4: ಸುಪ್ತಾವಸ್ಥೆ ಅಥವಾ ಹೈಬರ್ನೇಷನ್. ಮಾಹಿತಿ ಡಿಸ್ಕಿನಲ್ಲಿ ಇರುತ್ತದೆ. ವಿದ್ಯುತ್ತಿನ ಅಗತ್ಯವಿಲ್ಲ.

ಎಸ್5: ಸ್ಥಗಿತ ಸ್ಥಿತಿ, ಅಂದರೆ ಶಟ್‌ಡೌನ್. ಯಾವ ಮಾಹಿತಿಯನ್ನೂ ಮುಂದಿನ ಬಾರಿಗಾಗಿ ಕಾದಿರಿಸುವುದಿಲ್ಲ.

ಹೊರನೋಟಕ್ಕೆ ಎಸ್4 ಮತ್ತು ಎಸ್5ಗಳ ನಡುವೆ ಅಂತರ ಕಾಣುವುದಿಲ್ಲ. ಎರಡರಲ್ಲಿಯೂ ಪರದೆ ಕಪ್ಪಾಗಿರುತ್ತದೆ, ದೀಪಗಳು ಆರಿರುತ್ತವೆ, ಪಂಖದ ಸದ್ದಿರುವುದಿಲ್ಲ. ಬಳಕೆದಾರರು ಮೋಸಹೋಗುವುದು ಇಲ್ಲಿಯೇ.

ಕಾರ್ಯವಿಧಾನ

ವಿಂಡೋಸ್ ತನ್ನ ಸ್ಮೃತಿಯ ಪ್ರತಿಯನ್ನು ‘ಸಿ’ ಡ್ರೈವಿನ ಮೊದಲ ಹಂತದಲ್ಲಿರುವ ‘ಹೈಬರ್‌ಫಿಲ್.ಸಿಸ್’ ಎಂಬ ಗುಪ್ತ ಕಡತದಲ್ಲಿ ಬರೆಯುತ್ತದೆ. ಮಾಹಿತಿಯನ್ನು ಸಂಕುಚಿತಗೊಳಿಸಿ ಬರೆಯುವುದರಿಂದ ಈ ಕಡತ ರ‍್ಯಾಮ್‌ನಷ್ಟೇ ದೊಡ್ಡದಾಗಿರಬೇಕಿಲ್ಲ. ವಿಂಡೋಸ್ 7ರಲ್ಲಿ ಇದರ ಮೂಲಗಾತ್ರ ರ‍್ಯಾಮ್‌ನ ಶೇಕಡ 75ರಷ್ಟು, ವಿಂಡೋಸ್ 10ರಲ್ಲಿ ಶೇಕಡ 40ರಷ್ಟು. ಹೀಗಾಗಿ 8 ಜಿಬಿ ರ‍್ಯಾಮ್ ಇರುವ ವಿಂಡೋಸ್ 10 ಗಣಕದಲ್ಲಿ ಈ ಕಡತ ಸುಮಾರು 3.2 ಜಿಬಿ ಜಾಗವನ್ನು ಹಿಡಿಯುತ್ತದೆ.

ಲಿನಕ್ಸ್ ಇದೇ ಕೆಲಸಕ್ಕೆ ಸ್ವಾಪ್ ಎಂಬ ಜಾಗವನ್ನು ಬಳಸುತ್ತದೆ. ರ‍್ಯಾಮ್ ಸಾಲದಾದಾಗ ಹೆಚ್ಚುವರಿ ಮಾಹಿತಿಯನ್ನು ತಾತ್ಕಾಲಿಕವಾಗಿ ಇಡಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗವೇ ಸ್ವಾಪ್. ಅದು ಪ್ರತ್ಯೇಕ ವಿಭಾಗವಾಗಿರಬಹುದು ಅಥವಾ ಒಂದು ಕಡತವಾಗಿರಬಹುದು. ಮತ್ತೆ ಚಾಲನೆಗೊಂಡಾಗ ಸ್ಮೃತಿಯ ಪ್ರತಿ ಎಲ್ಲಿದೆ ಎಂಬುದನ್ನು ಕರ್ನೆಲ್‌ಗೆ ಮುಂಚಿತವಾಗಿ ತಿಳಿಸಬೇಕು. ‘ರೆಸ್ಯೂಮ್’ ಎಂಬ ಸೂಚನೆಯಿಂದ ಇದು ನೆರವೇರುತ್ತದೆ. ಸ್ವಾಪ್ ಕಡತದ ರೂಪದಲ್ಲಿದ್ದರೆ, ಆ ಕಡತ ಡಿಸ್ಕಿನಲ್ಲಿ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತಿಳಿಸುವ ‘ರೆಸ್ಯೂಮ್ ಆಫ್‌ಸೆಟ್’ ಎಂಬ ಇನ್ನೊಂದು ಸೂಚನೆಯನ್ನೂ ಕೊಡಬೇಕು.

ಸಮಸ್ಯೆಯ ಮೂಲ

ಕಾರ್ಯಾಚರಣ ವ್ಯವಸ್ಥೆಯು ಡಿಸ್ಕಿನ ವಿಭಾಗವೊಂದನ್ನು ತೆರೆದಾಗ, ಯಾವ ಕಡತ ಎಲ್ಲಿದೆ, ಯಾವ ಜಾಗ ಖಾಲಿಯಿದೆ ಎಂಬ ವಿವರಗಳ ಒಂದು ಪ್ರತಿಯನ್ನು ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಡಿಸ್ಕಿಗೆ ಇನ್ನೂ ಬರೆಯದ ಕೆಲವು ಬದಲಾವಣೆಗಳೂ ಸ್ಮೃತಿಯಲ್ಲಿ ಉಳಿದಿರುತ್ತವೆ. ಕ್ರಮಬದ್ಧವಾಗಿ ಶಟ್‌ಡೌನ್ ಮಾಡಿದಾಗ ಇವೆಲ್ಲವೂ ಡಿಸ್ಕಿಗೆ ಸೇರಿ, ವಿಭಾಗ ಮುಚ್ಚಲ್ಪಡುತ್ತದೆ. ಹೈಬರ್ನೇಷನ್‌ನಲ್ಲಿ ವಿಭಾಗವನ್ನು ಮುಚ್ಚುವುದಿಲ್ಲ. ಅದು ತೆರೆದಿರುವ ಸ್ಥಿತಿಯೇ ಸ್ಮೃತಿಯೊಂದಿಗೆ ಉಳಿದುಬಿಡುತ್ತದೆ.

ಶಾಲೆಯ ದಾಖಲಾತಿ ಪುಸ್ತಕದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಪುಸ್ತಕದಲ್ಲಿ 40ನೆಯ ಸಾಲಿನವರೆಗೆ ತುಂಬಿದೆ, 41ನೆಯ ಸಾಲು ಖಾಲಿಯಿದೆ ಎಂದು ನೋಡಿಕೊಂಡ ಗುಮಾಸ್ತರು ಅಲ್ಲಿಯೇ ನಿದ್ರೆಹೋದರು ಎಂದುಕೊಳ್ಳೋಣ. ಅಷ್ಟರಲ್ಲಿ ಇನ್ನೊಬ್ಬರು ಬಂದು 41ನೆಯ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿಯ ಹೆಸರನ್ನು ಬರೆದು ಹೋದರು. ಎಚ್ಚೆತ್ತ ಮೊದಲನೆಯವರು ಪುಸ್ತಕವನ್ನು ಮತ್ತೆ ನೋಡದೆ, ತಮ್ಮ ನೆನಪಿನಂತೆ, ಅದೇ ಸಾಲಿನ ಮೇಲೆ ಬೇರೊಂದು ಹೆಸರನ್ನು ಬರೆಯುತ್ತಾರೆ. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಆದರೆ ಪುಸ್ತಕ ಕೆಟ್ಟಿತು. ಸುಪ್ತಾವಸ್ಥೆಯಿಂದ ಎಚ್ಚೆತ್ತ ವ್ಯವಸ್ಥೆಯೂ ಹೀಗೆಯೇ ಡಿಸ್ಕನ್ನು ಹೊಸದಾಗಿ ಓದದೆ ಹಳೆಯ ನೆನಪಿನ ಮೇಲೆ ಬರೆಯುತ್ತದೆ. ಇನ್ನೊಂದು ವ್ಯವಸ್ಥೆ ಉಳಿಸಿದ ಕಡತಗಳು ಕಾಣೆಯಾಗುವುದೂ ಕಡತ ವ್ಯವಸ್ಥೆಯೇ ಅಸ್ತವ್ಯಸ್ತಗೊಳ್ಳುವುದೂ ಇದರಿಂದಲೇ.

ಫಾಸ್ಟ್ ಸ್ಟಾರ್ಟಪ್

2012ರಲ್ಲಿ ಬಂದ ವಿಂಡೋಸ್ 8, ಗಣಕವು ಬೇಗನೆ ತೆರೆದುಕೊಳ್ಳಲೆಂದು ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವನ್ನು ಪರಿಚಯಿಸಿತು. ಇದು ಜಾರಿಯಲ್ಲಿರುವಾಗ ‘ಶಟ್ ಡೌನ್’ ಗುಂಡಿಯನ್ನು ಒತ್ತಿದರೂ ವಿಂಡೋಸ್ ಪೂರ್ಣವಾಗಿ ಸ್ಥಗಿತಗೊಳ್ಳುವುದಿಲ್ಲ. ಬಳಕೆದಾರರ ತಂತ್ರಾಂಶಗಳನ್ನು ಮುಚ್ಚಿ, ವ್ಯವಸ್ಥೆಯ ಒಳತಿರುಳಾದ ಕರ್ನೆಲ್ ಭಾಗವನ್ನು ಮಾತ್ರ ಹೈಬರ್ನೇಟ್ ಮಾಡುತ್ತದೆ. ಅರ್ಥಾತ್, ಗಣಕವನ್ನು ಮುಚ್ಚಿದೆವೆಂದು ಬಳಕೆದಾರರು ನಂಬಿದ ಸಂದರ್ಭದಲ್ಲಿಯೂ ವಿಂಡೋಸಿನ ವಿಭಾಗಗಳು ತೆರೆದೇ ಇರುತ್ತವೆ.

ವಿಂಡೋಸ್ ಒಂದೇ ಇರುವ ಗಣಕದಲ್ಲಿ ಇದರಿಂದ ಬಾಧಕವಿಲ್ಲ. ಡ್ಯುಯಲ್ ಬೂಟ್ ಗಣಕದಲ್ಲಿ ಇದು ತೊಂದರೆಯ ಮುಖ್ಯ ಕಾರಣ. ‘ರೀಸ್ಟಾರ್ಟ್’ ಆಯ್ಕೆಗೆ ಫಾಸ್ಟ್ ಸ್ಟಾರ್ಟಪ್ ಅನ್ವಯಿಸುವುದಿಲ್ಲ ಎಂಬುದು ಗಮನಾರ್ಹ. ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ಪೂರ್ಣವಾಗಿ ಮುಚ್ಚಿ ಮತ್ತೆ ತೆರೆಯುತ್ತದೆ. ಆದ್ದರಿಂದ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವಾಗ ಶಟ್‌ಡೌನ್‌ಗಿಂತ ರೀಸ್ಟಾರ್ಟ್ ಸುರಕ್ಷಿತವಾದುದು.

ಕನ್ನಡ ಬಳಕೆದಾರರ ಸಂದರ್ಭ

ಕನ್ನಡದಲ್ಲಿ ಕೆಲಸ ಮಾಡುವ ಅನೇಕರಿಗೆ ಎರಡೂ ವ್ಯವಸ್ಥೆಗಳು ಬೇಕಾಗುತ್ತವೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಮತ್ತು ಬಹುಕಾಲ ಬಳಕೆಯಲ್ಲಿರುವ ‘ಬರಹ’ ತಂತ್ರಾಂಶಗಳು ವಿಂಡೋಸ್‌ಗಾಗಿ ರೂಪುಗೊಂಡವು. ಯೂನಿಕೋಡ್ ರೂಢಿಗೆ ಬರುವ ಮುನ್ನ ಈ ತಂತ್ರಾಂಶಗಳ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕಡತಗಳು ಕಚೇರಿ, ಶಾಲೆ, ಮುದ್ರಣಾಲಯಗಳಲ್ಲಿ ಇಂದಿಗೂ ಉಳಿದಿವೆ. ಅವುಗಳನ್ನು ತಿದ್ದಲು ವಿಂಡೋಸ್ ಅನುಕೂಲ. ಲಿನಕ್ಸ್‌ನಲ್ಲಿ ಯೂನಿಕೋಡ್ ಕನ್ನಡವನ್ನು ಇನ್‌ಸ್ಕ್ರಿಪ್ಟ್ ಮತ್ತು ಕೆಜಿಪಿ ಕೀಲಿಮಣೆ ವಿನ್ಯಾಸಗಳಲ್ಲಿ ಬೆರಳಚ್ಚಿಸಬಹುದು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಸಂದರ್ಭ ಇನ್ನೂ ಸ್ಪಷ್ಟವಾದುದು. ಕೇರಳದ ಸಾರ್ವಜನಿಕ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಮುಕ್ತ ತಂತ್ರಾಂಶ ಬೋಧನೆಯ ಭಾಗವಾಯಿತು. 2017ರಲ್ಲಿ ಆ ಯೋಜನೆಯು ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಟ್ಟಿತು. ಉಬುಂಟು ಆಧರಿಸಿದ ಲಿನಕ್ಸ್ ಆವೃತ್ತಿಯನ್ನು ಅದು ಶಾಲೆಗಳಿಗೆ ಒದಗಿಸುತ್ತದೆ. ಶಾಲೆಯಲ್ಲಿ ಲಿನಕ್ಸ್ ಕಲಿಯುವ ವಿದ್ಯಾರ್ಥಿಯಾಗಲಿ, ಕಲಿಸುವ ಅಧ್ಯಾಪಕರಾಗಲಿ, ಮನೆಯ ವಿಂಡೋಸ್ ಗಣಕದಲ್ಲಿ ಅದನ್ನೂ ಅಳವಡಿಸಿಕೊಂಡರೆ ಅದು ಡ್ಯುಯಲ್ ಬೂಟ್ ಗಣಕವಾಗುತ್ತದೆ.

ಮಲೆನಾಡು ಮತ್ತು ಕೊಡಗಿನಂತಹ ಪ್ರದೇಶಗಳಲ್ಲಿ ಹೈಬರ್ನೇಷನ್‌ಗೆ ವಿಶೇಷ ಪ್ರಯೋಜನವೂ ಇದೆ, ವಿಶೇಷ ಅಪಾಯವೂ ಇದೆ. ಕುಶಾಲನಗರದ ಸಮೀಪದ ಹಾರಂಗಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಾವೇರಿಯ ಉಪನದಿಯಾದ ಹಾರಂಗಿಗೆ ಇಲ್ಲಿ ಕಟ್ಟಿದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಅಣೆಕಟ್ಟಿನ ಬಳಿ ಜಲವಿದ್ಯುತ್ ಘಟಕವೂ ಇದೆ. ಆದರೆ ಕೊಡಗಿನ ಮನೆಗಳಿಗೆ ವಿದ್ಯುತ್ ತಲುಪುವುದು ಕಾಡು ಮತ್ತು ಕಾಫಿ ತೋಟಗಳ ಮರಗಳ ನಡುವೆ ಹಾದುಬರುವ ತಂತಿಗಳ ಮೂಲಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಗಾಳಿಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ವಿದ್ಯುತ್ ಕಡಿತ ಸಹಜ. 2018ರ ಆಗಸ್ಟ್ ತಿಂಗಳ ಅತಿವೃಷ್ಟಿ ಮತ್ತು ಭೂಕುಸಿತದ ಸಂದರ್ಭದಲ್ಲಿ ಕೊಡಗಿನ ಹಲವು ಗ್ರಾಮಗಳಲ್ಲಿ ವಿದ್ಯುತ್ ಸಂಪರ್ಕ ದಿನಗಟ್ಟಲೆ ಇರಲಿಲ್ಲ.

ಇಂತಹ ಊರಿನಲ್ಲಿ ಈ ಪ್ರಸಂಗ ಸುಲಭವಾಗಿ ಸಂಭವಿಸಬಹುದು. ಅಧ್ಯಾಪಕರೊಬ್ಬರು ಲ್ಯಾಪ್‌ಟಾಪ್‌ನ ವಿಂಡೋಸ್‌ನಲ್ಲಿ ಅಂಕಪಟ್ಟಿಯನ್ನು ಸಿದ್ಧಪಡಿಸುತ್ತಿರುವಾಗ ವಿದ್ಯುತ್ ಹೋಗುತ್ತದೆ. ಅವರು ಗಣಕವನ್ನು ತೆರೆದಿಟ್ಟೇ ಬೇರೆ ಕೆಲಸಕ್ಕೆ ಹೋಗುತ್ತಾರೆ. ಬ್ಯಾಟರಿ ಕೊನೆಯ ಹಂತಕ್ಕೆ ಬಂದಾಗ ವಿಂಡೋಸ್ ಯಾರ ಅಪ್ಪಣೆಯನ್ನೂ ಕೇಳದೆ ಹೈಬರ್ನೇಟ್ ಆಗುತ್ತದೆ. ಇದು ಕಡತವನ್ನು ಉಳಿಸುವ ಸದುದ್ದೇಶದ ಏರ್ಪಾಡು. ಮರುದಿನ ವಿದ್ಯುತ್ ಬಂದ ಮೇಲೆ ಗಣಕದ ಗುಂಡಿ ಒತ್ತಿದಾಗ ಗ್ರಬ್ ಎಂಬ ಬೂಟ್ ಆಯ್ಕೆಪಟ್ಟಿ ಕಾಣಿಸುತ್ತದೆ. ಉಬುಂಟುವಿನ ಮೂಲ ಹೊಂದಾಣಿಕೆಯಲ್ಲಿ 10 ಸೆಕೆಂಡುಗಳೊಳಗೆ ಏನನ್ನೂ ಆಯ್ಕೆ ಮಾಡದಿದ್ದರೆ ಲಿನಕ್ಸ್ ತಾನಾಗಿಯೇ ತೆರೆಯುತ್ತದೆ. ಅಂಕಪಟ್ಟಿಯಿರುವ ವಿಭಾಗ ಈಗ ಇಬ್ಬರು ಒಡೆಯರ ಕೈಯಲ್ಲಿದೆ. ಇಲ್ಲಿ ಬಳಕೆದಾರರು ಹೈಬರ್ನೇಷನ್ ಎಂಬ ಪದವನ್ನೂ ಕೇಳಿರಬೇಕಿಲ್ಲ.

ತೊಂದರೆಯ ಲಕ್ಷಣಗಳು ಮತ್ತು ಪರಿಹಾರಗಳು

ಈ ಭಾಗದಲ್ಲಿ ಆದೇಶಗಳ ಹೆಸರನ್ನು ಉಚ್ಚಾರಣೆಗೆ ಅನುಸಾರವಾಗಿ ಕನ್ನಡದಲ್ಲಿ ಕೊಡಲಾಗಿದೆ. ಗಣಕದಲ್ಲಿ ಅವುಗಳನ್ನು ರೋಮನ್ ಅಕ್ಷರಗಳಲ್ಲಿಯೇ ಬೆರಳಚ್ಚಿಸಬೇಕು.

1. ಲಿನಕ್ಸ್‌ನಲ್ಲಿ ವಿಂಡೋಸ್ ವಿಭಾಗ ತೆರೆಯುವುದಿಲ್ಲ, ಅಥವಾ ಓದಲು ಮಾತ್ರ ಸಾಧ್ಯವಾಗುತ್ತದೆ

ವಿಂಡೋಸ್ ಹೈಬರ್ನೇಟ್ ಆಗಿದೆ, ಅಥವಾ ಫಾಸ್ಟ್ ಸ್ಟಾರ್ಟಪ್ ಜಾರಿಯಲ್ಲಿದೆ ಎಂಬುದರ ಸೂಚನೆ ಇದು. ವಿಂಡೋಸಿನ ಎನ್‌ಟಿಎಫ್‌ಎಸ್ ವಿಭಾಗಗಳನ್ನು ಲಿನಕ್ಸ್‌ನಲ್ಲಿ ತೆರೆಯುವ ‘ಎನ್‌ಟಿಎಫ್‌ಎಸ್-3ಜಿ’ ಎಂಬ ತಂತ್ರಾಂಶವು ಹೈಬರ್ನೇಷನ್ ಕಡತವನ್ನು ಗುರುತಿಸಿ, ಬರೆಯಲು ಅವಕಾಶ ನಿರಾಕರಿಸುತ್ತದೆ. ಇದನ್ನು ದೋಷವೆಂದು ಭಾವಿಸಿ ಬಲವಂತದಿಂದ ತೆರೆಯಲು ಯತ್ನಿಸುವುದು ತಪ್ಪು. ಗಣಕವನ್ನು ರೀಸ್ಟಾರ್ಟ್ ಮಾಡಿ, ವಿಂಡೋಸನ್ನು ಆಯ್ಕೆ ಮಾಡಿ, ತೆರೆದಿರುವ ಕಡತಗಳನ್ನು ಉಳಿಸಿ, ಅಲ್ಲಿಂದ ಮತ್ತೆ ರೀಸ್ಟಾರ್ಟ್ ಮಾಡಿ ಲಿನಕ್ಸಿಗೆ ಬರುವುದೇ ಸರಿಯಾದ ಕ್ರಮ.

ಶಾಶ್ವತ ಪರಿಹಾರಕ್ಕೆ ಫಾಸ್ಟ್ ಸ್ಟಾರ್ಟಪ್ ಅನ್ನು ನಿಲ್ಲಿಸಬೇಕು. ವಿಂಡೋಸಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆದು, ಪವರ್ ಗುಂಡಿಗಳ ಕಾರ್ಯವನ್ನು ನಿರ್ಧರಿಸುವ ಪುಟಕ್ಕೆ ಹೋಗಿ, ಲಭ್ಯವಿಲ್ಲದ ಹೊಂದಾಣಿಕೆಗಳನ್ನು ಬದಲಾಯಿಸುವ ಕೊಂಡಿಯನ್ನು ಒತ್ತಿದರೆ ಪುಟದ ಕೆಳಭಾಗದಲ್ಲಿ ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎಂಬ ಚೌಕ ಕಾಣುತ್ತದೆ. ಅದರಲ್ಲಿರುವ ಗುರುತನ್ನು ತೆಗೆದು ಬದಲಾವಣೆಯನ್ನು ಉಳಿಸಬೇಕು. ವಿಂಡೋಸಿನ ದೊಡ್ಡ ಪರಿಷ್ಕರಣೆಗಳ ನಂತರ ಈ ಹೊಂದಾಣಿಕೆಯನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹೈಬರ್ನೇಷನ್ ಬೇಡವೇ ಬೇಡ ಎನ್ನುವವರು ಆಡಳಿತಾಧಿಕಾರದೊಂದಿಗೆ ತೆರೆದ ಆದೇಶ ಕಿಟಕಿಯಲ್ಲಿ ‘ಪವರ್‌ಸಿಎಫ್‌ಜಿ’ ಆದೇಶವನ್ನು ‘ಹೈಬರ್ನೇಟ್ ಆಫ್’ ಎಂಬ ಆಯ್ಕೆಯೊಂದಿಗೆ ನಡೆಸಬಹುದು. ಇದರಿಂದ ಹೈಬರ್ನೇಷನ್, ಫಾಸ್ಟ್ ಸ್ಟಾರ್ಟಪ್ ಎರಡೂ ನಿಂತು, ಹೈಬರ್ನೇಷನ್ ಕಡತವೂ ಅಳಿದು, ಡಿಸ್ಕಿನಲ್ಲಿ ಅಷ್ಟು ಜಾಗ ಮಿಗುತ್ತದೆ.

2. ಲಿನಕ್ಸ್‌ನಲ್ಲಿ ಉಳಿಸಿದ ಕಡತ ವಿಂಡೋಸ್‌ನಲ್ಲಿ ಕಾಣುವುದಿಲ್ಲ

ವಿಂಡೋಸ್ ಸುಪ್ತಾವಸ್ಥೆಯಲ್ಲಿದ್ದಾಗ ಲಿನಕ್ಸ್ ಹಂಚಿಕೆಯ ವಿಭಾಗದಲ್ಲಿ ಬರೆದಿರುವ ಸಾಧ್ಯತೆ ಹೆಚ್ಚು. ಎರಡೂ ವ್ಯವಸ್ಥೆಗಳು ಬಳಸಲೆಂದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಮಾಡಿದ ವಿಭಾಗಗಳಲ್ಲಿ ಈ ಅಪಾಯ ಅಧಿಕ. ಎನ್‌ಟಿಎಫ್‌ಎಸ್‌ಗೆ ಇರುವಂತಹ ತಡೆ ಅಲ್ಲಿಲ್ಲದ ಕಾರಣ ಲಿನಕ್ಸ್ ಯಾವ ಎಚ್ಚರಿಕೆಯನ್ನೂ ನೀಡದೆ ಬರೆದುಬಿಡುತ್ತದೆ. ಹೀಗಾದಾಗ ಆ ವಿಭಾಗದಲ್ಲಿ ಮತ್ತೇನನ್ನೂ ಬರೆಯದೆ, ಮುಂದೆ ‘ಎರಡೂ ವ್ಯವಸ್ಥೆಗಳು ಬರೆದುಬಿಟ್ಟಿದ್ದರೆ’ ಎಂಬ ಭಾಗದಲ್ಲಿ ಹೇಳಿದ ಕ್ರಮವನ್ನು ಅನುಸರಿಸಬೇಕು.

3. ಲಿನಕ್ಸ್‌ನಲ್ಲಿ ಹೈಬರ್ನೇಟ್ ಆಯ್ಕೆಯೇ ಇಲ್ಲ

ಉಬುಂಟುವಿನಲ್ಲಿ 12.04ನೆಯ ಆವೃತ್ತಿಯಿಂದ ಈ ಆಯ್ಕೆಯನ್ನು ಪಟ್ಟಿಯಿಂದ ತೆಗೆಯಲಾಗಿದೆ. ಎಲ್ಲ ಯಂತ್ರಾಂಶಗಳಲ್ಲಿ ಅದು ನಂಬಿಕೆಗೆ ಅರ್ಹವಾಗಿ ನಡೆಯುವುದಿಲ್ಲ ಎಂಬುದು ಕಾರಣ. ಟರ್ಮಿನಲ್‌ನಲ್ಲಿ ‘ಸಿಸ್ಟಮ್‌ಸಿಟಿಎಲ್ ಹೈಬರ್ನೇಟ್’ ಎಂಬ ಆದೇಶವನ್ನು ನೀಡಿ ಪರೀಕ್ಷಿಸಬಹುದು. ಪರೀಕ್ಷೆಗೆ ಮುನ್ನ ತೆರೆದ ಕಡತಗಳನ್ನೆಲ್ಲ ಉಳಿಸಿ ಮುಚ್ಚಬೇಕು.

ಆದೇಶ ವಿಫಲವಾದರೆ ಮೂರು ಸಂಗತಿಗಳನ್ನು ಪರಿಶೀಲಿಸಬೇಕು. ಮೊದಲನೆಯದು ಸೆಕ್ಯೂರ್ ಬೂಟ್. ಇದು ಜಾರಿಯಲ್ಲಿದ್ದಾಗ ಅನೇಕ ಲಿನಕ್ಸ್ ಆವೃತ್ತಿಗಳು ಲಾಕ್‌ಡೌನ್ ಎಂಬ ಭದ್ರತಾ ಕ್ರಮದ ಅಂಗವಾಗಿ ಹೈಬರ್ನೇಷನ್ ಅನ್ನು ತಡೆಯುತ್ತವೆ. 2019ರ 5.4ನೆಯ ಕರ್ನೆಲ್‌ನಲ್ಲಿ ಈ ಕ್ರಮ ಅಧಿಕೃತವಾಗಿ ಸೇರಿತು. ಎರಡನೆಯದು ಸ್ವಾಪ್‌ನ ಗಾತ್ರ. ಸ್ಮೃತಿಯ ಪ್ರತಿ ಹಿಡಿಸುವಷ್ಟು ಖಾಲಿ ಜಾಗ ಅದರಲ್ಲಿರಬೇಕು. ರ‍್ಯಾಮ್‌ನಷ್ಟೇ ಗಾತ್ರದ ಸ್ವಾಪ್ ಇದ್ದರೆ ನಿಶ್ಚಿಂತೆ. ಮೂರನೆಯದು ಸ್ವಾಪ್‌ನ ಬಗೆ. ಫೆಡೋರಾ 33ರಿಂದ ಈಚೆಗೆ ಮೂಲ ಹೊಂದಾಣಿಕೆಯಲ್ಲಿ ಬಳಸುವ ಝಡ್‌ರ‍್ಯಾಮ್ ಎಂಬ ಸ್ವಾಪ್ ರ‍್ಯಾಮ್‌ನೊಳಗೇ ಇರುತ್ತದೆ. ವಿದ್ಯುತ್ ಹೋದೊಡನೆ ಅದೂ ಅಳಿಯುವುದರಿಂದ ಹೈಬರ್ನೇಷನ್‌ಗೆ ಅದು ಪ್ರಯೋಜನವಿಲ್ಲ.

4. ಹೈಬರ್ನೇಟ್ ಆಗುತ್ತದೆ, ಆದರೆ ಮರಳಿ ತೆರೆದಾಗ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ

ಸ್ಮೃತಿಯ ಪ್ರತಿ ಡಿಸ್ಕಿನಲ್ಲಿದ್ದರೂ ಕರ್ನೆಲ್‌ಗೆ ಅದು ಸಿಗಲಿಲ್ಲ ಎಂದರ್ಥ. ಗ್ರಬ್‌ನ ಹೊಂದಾಣಿಕೆಯಲ್ಲಿ ‘ರೆಸ್ಯೂಮ್’ ಸೂಚನೆ ಇದೆಯೇ, ಅದರಲ್ಲಿರುವ ಯುಯುಐಡಿ ಎಂಬ ಗುರುತುಸಂಖ್ಯೆ ಸ್ವಾಪ್ ವಿಭಾಗದ ಗುರುತುಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡಬೇಕು. ಉಬುಂಟು 17.04ರಿಂದ ಹೊಸ ಅಳವಡಿಕೆಗಳಲ್ಲಿ ಸ್ವಾಪ್ ವಿಭಾಗದ ಬದಲು ಸ್ವಾಪ್ ಕಡತ ಬಂದಿದೆ. ಅಲ್ಲಿ ಸ್ವಾಪ್ ಕಡತವಿರುವ ವಿಭಾಗದ ಗುರುತುಸಂಖ್ಯೆಯ ಜೊತೆಗೆ ‘ರೆಸ್ಯೂಮ್ ಆಫ್‌ಸೆಟ್’ ಕೂಡ ಅಗತ್ಯ. ಬದಲಾವಣೆಯ ನಂತರ ಗ್ರಬ್ ಮತ್ತು ಇನಿಟ್‌ರ‍್ಯಾಮ್‌ಎಫ್‌ಎಸ್‌ಗಳನ್ನು ನವೀಕರಿಸದಿದ್ದರೆ ಹಳೆಯ ಹೊಂದಾಣಿಕೆಯೇ ಮುಂದುವರಿಯುತ್ತದೆ. ಪ್ರತಿ ಬಾರಿಯೂ ಹೊಸ ಗುಪ್ತಕೀಲಿಯಿಂದ ಗೂಢಲಿಪೀಕರಿಸುವ ಸ್ವಾಪ್‌ನಿಂದ ಮರಳಿ ಬರುವುದು ಸಾಧ್ಯವಿಲ್ಲ, ಏಕೆಂದರೆ ಹಳೆಯ ಕೀಲಿ ಉಳಿದಿರುವುದಿಲ್ಲ.

5. ಲಿನಕ್ಸ್ ತೆರೆಯುವಾಗ ಬಹಳ ಹೊತ್ತು ತಡೆಯುತ್ತದೆ

ಒಂದೇ ಗಣಕದಲ್ಲಿ ಎರಡನೆಯ ಲಿನಕ್ಸ್ ಅಳವಡಿಸಿದ ಮೇಲೆ ಇದು ಕಂಡುಬರುತ್ತದೆ. ಹೊಸ ಅಳವಡಿಕೆಯು ಹಳೆಯ ಸ್ವಾಪ್ ವಿಭಾಗವನ್ನು ಮರುರೂಪಿಸಿದಾಗ ಅದರ ಗುರುತುಸಂಖ್ಯೆ ಬದಲಾಗುತ್ತದೆ. ಮೊದಲಿನ ಲಿನಕ್ಸ್ ಹಳೆಯ ಸಂಖ್ಯೆಯನ್ನೇ ಹುಡುಕುತ್ತ ಕಾಯುತ್ತದೆ. ಹೊಸ ಸಂಖ್ಯೆಯನ್ನು ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿಯೂ ರೆಸ್ಯೂಮ್ ಸೂಚನೆಯಲ್ಲಿಯೂ ನಮೂದಿಸಿದರೆ ತೊಂದರೆ ನಿವಾರಣೆಯಾಗುತ್ತದೆ.

ಎರಡು ಲಿನಕ್ಸ್‌ಗಳು ಒಂದೇ ಸ್ವಾಪನ್ನು ಹಂಚಿಕೊಂಡಿರುವಾಗ ಹೈಬರ್ನೇಷನ್ ಬಳಸಬಾರದು. ಒಂದರ ಸ್ಮೃತಿಯ ಪ್ರತಿಯನ್ನು ಇನ್ನೊಂದು ಅಳಿಸಿಬಿಡಬಹುದು. ಪ್ರತಿಯೊಂದಕ್ಕೂ ಪ್ರತ್ಯೇಕ ಸ್ವಾಪ್ ಇರಬೇಕು.

6. ಮರಳಿ ತೆರೆದಾಗ ಪರದೆ ಕಪ್ಪಾಗಿಯೇ ಉಳಿಯುತ್ತದೆ

ಚಿತ್ರಫಲಕದ ಚಾಲಕ ತಂತ್ರಾಂಶವು ತನ್ನ ಹಿಂದಿನ ಸ್ಥಿತಿಗೆ ಮರಳಲು ವಿಫಲವಾದಾಗ ಹೀಗಾಗುತ್ತದೆ. ಚಾಲಕ ತಂತ್ರಾಂಶ, ಕರ್ನೆಲ್ ಮತ್ತು ಗಣಕದ ಬಯೋಸ್‌ಗಳನ್ನು ನವೀಕರಿಸುವುದು ಮೊದಲ ಹೆಜ್ಜೆ. ಹಿಂದಿನ ಬಾರಿಯ ದಾಖಲೆಯನ್ನು ‘ಜರ್ನಲ್‌ಸಿಟಿಎಲ್’ ಆದೇಶದಿಂದ ಓದಿದರೆ ಯಾವ ಹಂತದಲ್ಲಿ ವೈಫಲ್ಯ ಉಂಟಾಯಿತೆಂಬ ಸುಳಿವು ದೊರೆಯುತ್ತದೆ. ಆದರೂ ಸರಿಹೋಗದ ಯಂತ್ರಗಳಲ್ಲಿ ಹೈಬರ್ನೇಷನ್ ಅನ್ನು ಕೈಬಿಡುವುದೇ ವಿವೇಕ.

7. ವಿಂಡೋಸ್‌ನಲ್ಲಿ ಹೈಬರ್ನೇಟ್ ಆಯ್ಕೆ ಕಾಣೆಯಾಗಿದೆ

‘ಪವರ್‌ಸಿಎಫ್‌ಜಿ’ ಆದೇಶವನ್ನು ‘ಎ’ ಎಂಬ ಆಯ್ಕೆಯೊಂದಿಗೆ ನಡೆಸಿದರೆ ಆ ಗಣಕದಲ್ಲಿ ಲಭ್ಯವಿರುವ ವಿಶ್ರಾಂತ ಸ್ಥಿತಿಗಳೂ, ಲಭ್ಯವಿಲ್ಲದವುಗಳ ಕಾರಣಗಳೂ ತಿಳಿಯುತ್ತವೆ. ಹಿಂದೆ ಯಾರಾದರೂ ಹೈಬರ್ನೇಷನ್ ನಿಲ್ಲಿಸಿದ್ದರೆ ‘ಹೈಬರ್ನೇಟ್ ಆನ್’ ಎಂಬ ಆಯ್ಕೆಯಿಂದ ಅದನ್ನು ಮರಳಿ ಪಡೆಯಬಹುದು. ಆಗ ಫಾಸ್ಟ್ ಸ್ಟಾರ್ಟಪ್ ಕೂಡ ಮರಳಿ ಜಾರಿಗೆ ಬಂದಿದೆಯೇ ಎಂದು ತಪ್ಪದೆ ನೋಡಬೇಕು.

ಎರಡೂ ವ್ಯವಸ್ಥೆಗಳು ಬರೆದುಬಿಟ್ಟಿದ್ದರೆ

ಒಂದು ವ್ಯವಸ್ಥೆ ಸುಪ್ತಾವಸ್ಥೆಯಲ್ಲಿರುವಾಗ ಇನ್ನೊಂದು ಅದರ ವಿಭಾಗವನ್ನು ತೆರೆದಿದೆ ಎಂದು ತಿಳಿದೊಡನೆ ಮಾಡಬೇಕಾದ ಮೊದಲ ಕೆಲಸ ಆ ವಿಭಾಗದಲ್ಲಿ ಬರೆಯುವುದನ್ನು ನಿಲ್ಲಿಸುವುದು. ಗಾಬರಿಯಿಂದ ಮಾಡುವ ದುರಸ್ತಿ ಮೂಲ ಹಾನಿಗಿಂತ ಹೆಚ್ಚಿನ ಹಾನಿಯನ್ನು ಮಾಡಬಲ್ಲದು.

ವಿಭಾಗವು ಓದಲು ಮಾತ್ರ ತೆರೆದಿದ್ದು, ಏನನ್ನೂ ಬರೆದಿಲ್ಲವಾದರೆ ಹಾನಿಯಾಗಿಲ್ಲ. ಮೊದಲಿನ ವ್ಯವಸ್ಥೆಗೆ ಮರಳಿ ಕ್ರಮಬದ್ಧವಾಗಿ ಮುಚ್ಚಿದರೆ ಸಾಕು.

ಬರೆದದ್ದು ನಿಜವಾದರೆ, ಸುಪ್ತಾವಸ್ಥೆಯಲ್ಲಿರುವ ವ್ಯವಸ್ಥೆಯನ್ನು ಎಬ್ಬಿಸಬಾರದು. ಅದು ಹಳೆಯ ನೆನಪಿನೊಂದಿಗೆ ಎಚ್ಚೆತ್ತು ಬರೆಯಲು ತೊಡಗಿದಾಗಲೇ ಹಾನಿ ಪೂರ್ಣವಾಗುತ್ತದೆ. ಈಗ ತೆರೆದಿರುವ ವ್ಯವಸ್ಥೆಯಿಂದಲೇ ಮುಖ್ಯ ಕಡತಗಳನ್ನು ಬೇರೆ ಡಿಸ್ಕಿಗೆ ಅಥವಾ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಅನಂತರ ಸುಪ್ತ ಪ್ರತಿಯನ್ನು ತ್ಯಜಿಸಬೇಕು. ಹೀಗೆ ತ್ಯಜಿಸಿದರೆ ಆ ವ್ಯವಸ್ಥೆಯಲ್ಲಿ ಉಳಿಸದೆ ತೆರೆದಿಟ್ಟಿದ್ದ ಕೆಲಸ ಹೋಗುತ್ತದೆ. ಆದರೆ ಡಿಸ್ಕಿನಲ್ಲಿರುವ ಉಳಿದ ಕಡತಗಳು ಉಳಿಯುವ ಸಂಭವ ಹೆಚ್ಚುತ್ತದೆ. ಒಂದು ಕಡತದ ಮೇಲಿನ ಆಸೆಯಿಂದ ಇಡೀ ವಿಭಾಗವನ್ನು ಪಣಕ್ಕಿಡುವುದು ಉಚಿತವಲ್ಲ.

ವಿಂಡೋಸಿನ ಸುಪ್ತ ಪ್ರತಿಯನ್ನು ಲಿನಕ್ಸ್‌ನಿಂದ ತ್ಯಜಿಸಲು ಎನ್‌ಟಿಎಫ್‌ಎಸ್-3ಜಿಯಲ್ಲಿ ‘ರಿಮೂವ್ ಹೈಬರ್‌ಫೈಲ್’ ಎಂಬ ಆಯ್ಕೆಯಿದೆ. ಆ ಬಳಿಕ ವಿಂಡೋಸನ್ನು ತೆರೆದು ‘ಚೆಕ್‌ಡಿಸ್ಕ್’ ಆದೇಶದಿಂದ ವಿಭಾಗವನ್ನು ಪರೀಕ್ಷಿಸಬೇಕು. ಲಿನಕ್ಸ್‌ನಲ್ಲಿರುವ ‘ಎನ್‌ಟಿಎಫ್‌ಎಸ್‌ಫಿಕ್ಸ್’ ಕೆಲವು ಸಾಮಾನ್ಯ ದೋಷಗಳನ್ನು ಮಾತ್ರ ಸರಿಪಡಿಸಿ, ವಿಂಡೋಸ್ ಪರೀಕ್ಷೆ ನಡೆಸುವಂತೆ ಗುರುತುಮಾಡುತ್ತದೆ. ಅದು ಚೆಕ್‌ಡಿಸ್ಕಿಗೆ ಬದಲಿಯಲ್ಲ.

ಲಿನಕ್ಸ್ ಸುಪ್ತಾವಸ್ಥೆಯಲ್ಲಿದ್ದು ವಿಂಡೋಸ್ ಬರೆದಿದ್ದರೆ, ಗ್ರಬ್ ಪಟ್ಟಿಯಲ್ಲಿ ಲಿನಕ್ಸ್ ಹೆಸರಿನ ಮೇಲೆ ನಿಂತು ‘ಇ’ ಕೀಲಿಯನ್ನು ಒತ್ತಿ, ಕರ್ನೆಲ್ ಸಾಲಿನ ಕೊನೆಗೆ ‘ನೋರೆಸ್ಯೂಮ್’ ಎಂದು ಸೇರಿಸಿ ಚಾಲನೆ ಕೊಡಬೇಕು. ಲಿನಕ್ಸ್ ಹಳೆಯ ಪ್ರತಿಯನ್ನು ಕಡೆಗಣಿಸಿ ಹೊಸದಾಗಿ ತೆರೆಯುತ್ತದೆ.

ಇಂತಹ ಪರೀಕ್ಷೆಗಳು ಕಡತ ವ್ಯವಸ್ಥೆಯ ರಚನೆಯನ್ನು ಸರಿಪಡಿಸುತ್ತವೆಯೇ ಹೊರ್ತು, ಮೇಲೆ ಬರೆಯಲ್ಪಟ್ಟು ಅಳಿದುಹೋದ ಬರಹವನ್ನು ಮರಳಿ ತರುವುದಿಲ್ಲ. ಅದಕ್ಕೆ ಬೇರೆಡೆ ಇಟ್ಟ ನಕಲೊಂದೇ ದಾರಿ.

ಮುನ್ನೆಚ್ಚರಿಕೆಗಳು

ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗುವಾಗ ಯಾವಾಗಲೂ ರೀಸ್ಟಾರ್ಟ್ ಬಳಸಬೇಕು. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್‌ಡೌನ್ ಕೊಟ್ಟರೂ ಅದು ಪೂರ್ಣವಾಗಿ ಸ್ಥಗಿತಗೊಳ್ಳುತ್ತದೆ.

ಬ್ಯಾಟರಿ ಮುಗಿಯುವಾಗ ವಿಂಡೋಸ್ ಏನು ಮಾಡಬೇಕೆಂಬುದನ್ನು ಪವರ್ ಆಪ್ಷನ್ಸ್‌ನಲ್ಲಿ ನೋಡಿಕೊಳ್ಳಬೇಕು. ಅಲ್ಲಿ ಹೈಬರ್ನೇಟ್ ಇದ್ದರೆ, ವಿದ್ಯುತ್ ಕಡಿತದ ನಂತರ ಮೊದಲು ತೆರೆಯಬೇಕಾದುದು ವಿಂಡೋಸ್ ಎಂಬುದನ್ನು ಮನೆಯಲ್ಲಿ ಆ ಗಣಕವನ್ನು ಬಳಸುವ ಎಲ್ಲರೂ ತಿಳಿದಿರಬೇಕು. ನಿದ್ರಾಸ್ಥಿತಿಯಲ್ಲಿಟ್ಟ ಲ್ಯಾಪ್‌ಟಾಪ್ ಕೆಲವು ಗಂಟೆಗಳ ನಂತರ ತಾನಾಗಿಯೇ ಹೈಬರ್ನೇಟ್ ಆಗುವ ಹೊಂದಾಣಿಕೆಯೂ ಇರಬಹುದು.

ಗ್ರಬ್ ಪಟ್ಟಿಯು ಕಳೆದ ಬಾರಿ ಆಯ್ಕೆ ಮಾಡಿದ ವ್ಯವಸ್ಥೆಯನ್ನೇ ತೆರೆಯುವಂತೆ ಹೊಂದಿಸಬಹುದು. ಗ್ರಬ್‌ನ ಹೊಂದಾಣಿಕೆಯ ಕಡತದಲ್ಲಿ ‘ಡಿಫಾಲ್ಟ್’ ಎಂಬಲ್ಲಿ ‘ಸೇವ್ಡ್’ ಎಂದೂ, ‘ಸೇವ್ ಡಿಫಾಲ್ಟ್’ ಎಂಬಲ್ಲಿ ‘ಟ್ರೂ’ ಎಂದೂ ನಮೂದಿಸಿ ಗ್ರಬ್ ಅನ್ನು ನವೀಕರಿಸಬೇಕು. ಆಗ ಹೈಬರ್ನೇಟ್ ಆದ ವಿಂಡೋಸ್ ಇರುವಾಗ ಕಣ್ತಪ್ಪಿನಿಂದ ಲಿನಕ್ಸ್ ತೆರೆಯುವ ಸಂಭವ ಕಡಿಮೆಯಾಗುತ್ತದೆ.

ಹಂಚಿಕೆಯ ವಿಭಾಗ ಲಿನಕ್ಸ್‌ನಲ್ಲಿ ತಾನಾಗಿ ತೆರೆಯದಂತೆ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ‘ನೋಆಟೋ’ ಎಂಬ ಸೂಚನೆಯನ್ನು ಕೊಡಬಹುದು. ಬೇಕಾದಾಗ ಬಳಕೆದಾರರೇ ತೆರೆಯುವುದರಿಂದ, ಆ ಕ್ಷಣದಲ್ಲಿ ವಿಂಡೋಸ್ ಯಾವ ಸ್ಥಿತಿಯಲ್ಲಿದೆಯೆಂದು ಯೋಚಿಸಲು ಅವಕಾಶ ದೊರೆಯುತ್ತದೆ.

ಪರಸ್ಪರರ ವಿಭಾಗಗಳನ್ನು ಎಂದೂ ಮುಟ್ಟದ, ಹಂಚಿಕೆಯ ವಿಭಾಗವಿಲ್ಲದ ಗಣಕದಲ್ಲಿ ಹೈಬರ್ನೇಷನ್ ನಿರಪಾಯಕರ. ಹಂಚಿಕೆಯ ವಿಭಾಗ ಅನಿವಾರ್ಯವಾದವರು ಹೈಬರ್ನೇಷನ್ ಅನ್ನು ತೊರೆಯುವುದು ಲೇಸು. ವಿದ್ಯುತ್ ಅನಿಶ್ಚಿತವಾಗಿರುವ ಊರುಗಳಲ್ಲಿ ಅದರ ಬದಲಿಗೆ ಯುಪಿಎಸ್ ಬಳಸಬಹುದು. ಮೇಜಿನ ಗಣಕಕ್ಕೆ ಯುಪಿಎಸ್ ಕೆಲವು ನಿಮಿಷಗಳ ಕಾಲಾವಕಾಶ ಕೊಟ್ಟರೂ, ಕಡತಗಳನ್ನು ಉಳಿಸಿ ಕ್ರಮಬದ್ಧವಾಗಿ ಶಟ್‌ಡೌನ್ ಮಾಡಲು ಅಷ್ಟು ಸಾಕು.

ಅಂಕಪಟ್ಟಿ, ಭೂದಾಖಲೆಯ ಪ್ರತಿ, ಕುಟುಂಬದ ಛಾಯಾಚಿತ್ರ, ಹಸ್ತಪ್ರತಿಯ ಬೆರಳಚ್ಚು ಮುಂತಾದ ಮರಳಿ ಸಿಗದ ಕಡತಗಳ ಒಂದು ನಕಲು ಆ ಗಣಕದ ಹೊರಗೆ ಇರಲೇಬೇಕು. ಎರಡು ವ್ಯವಸ್ಥೆಗಳಿದ್ದರೂ ಡಿಸ್ಕ್ ಒಂದೇ ಆಗಿರುವುದರಿಂದ, ಎರಡೂ ವಿಭಾಗಗಳಲ್ಲಿ ಇಟ್ಟ ಕಡತವನ್ನು ಎರಡು ನಕಲುಗಳೆಂದು ಎಣಿಸಲಾಗದು.

ಇವನ್ನೂ ನೋಡಿ

ಕಾರ್ಯಾಚರಣ ವ್ಯವಸ್ಥೆ
ಲಿನಕ್ಸ್
ಕಡತ ವ್ಯವಸ್ಥೆ
ನುಡಿ (ತಂತ್ರಾಂಶ)
ಹಾರಂಗಿ ಜಲಾಶಯ